ಪದವಿನ ಬಿಸಿಲು, ಮನೆಯ ಬಿಲ್ಲು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನ ಆಡಿದ ಮಾತು. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಗೆ ಬರುವಾಗ ಬೇರೆ ಕಡೆಯಿಂದ ಶುರು ಮಾಡಬೇಕು ಅಂದುಕೊಂಡಿದ್ದೆ. ಆದರೆ ಬಾಗಿಲ ಹತ್ತಿರವೇ ಒಬ್ಬರು ಅಕ್ಕ ನನ್ನನ್ನು ನಿಲ್ಲಿಸಿ ಒಂದು ಕಾಗದ ಕೈಗೆ ಕೊಟ್ಟರು. ಕರೆಂಟು ಬಿಲ್ಲು. ನಾಲ್ಕು ಮಡಿಕೆ ಮಾಡಿ ಕೊಡೆಯ ಜೊತೆ ಚೀಲದಲ್ಲಿಟ್ಟು ತಂದಿದ್ದರು, ಅಂಚು ಸ್ವಲ್ಪ ಒದ್ದೆಯಾಗಿತ್ತು. "ಮಾಷ್ಟ್ರೇ, ಕಳೆದ ಸಲಕ್ಕಿಂತ ಹೆಚ್ಚೇನೂ ಉರಿಸಿಲ್ಲ ನಾವು. ದುಡ್ಡು ಮಾತ್ರ ಜಾಸ್ತಿ ಬಂದಿದೆ. ಇದರಲ್ಲಿ ಏನು ಬರೆದಿದ್ದಾರೆ ಅಂತ ಒಮ್ಮೆ ನೋಡ್ತೀರಾ?" ಎಂದು ಕೇಳಿದರು.

ಅವರ ಒಪ್ಪಿಗೆ ತೆಗೆದುಕೊಂಡೇ ಇದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಎರಡು ತಿಂಗಳ ಬಿಲ್ಲು ಅದು. ಬಳಸಿದ್ದು 514 ಯೂನಿಟ್. ಅದರ ಹಿಂದಿನ ಬಿಲ್ಲು 490ರ ಹತ್ತಿರ ಇತ್ತಂತೆ. ವ್ಯತ್ಯಾಸ ಇಪ್ಪತ್ತು ಚಿಲ್ಲರೆ ಯೂನಿಟ್. ಅಷ್ಟಕ್ಕೆ ಇಷ್ಟು ಏರಿತೇ ಎಂದು ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ಕೇರಳದಲ್ಲಿ ಮನೆ ಕರೆಂಟಿಗೆ ಎರಡು ಬಗೆಯ ಲೆಕ್ಕ ಇದೆ. ತಿಂಗಳಿಗೆ 250 ಯೂನಿಟ್ ಒಳಗೆ ಇದ್ದರೆ ಮೆಟ್ಟಿಲು ಲೆಕ್ಕ. 2025ರ ಏಪ್ರಿಲ್‌ನಿಂದ ಬಂದ ದರ ಹೇಳುತ್ತೇನೆ: ಮೊದಲ 50 ಯೂನಿಟ್ಟಿಗೆ 3 ರೂಪಾಯಿ 35 ಪೈಸೆ, ಮುಂದಿನ 50ಕ್ಕೆ 4.25, ಆಮೇಲೆ 5.35, ಆಮೇಲೆ 7.20, ಕೊನೆಯ 50ಕ್ಕೆ 8.50. ಮೇಲೆ ಹತ್ತಿದರೂ ಕೆಳಗಿನ ಮೆಟ್ಟಿಲಿನ ಯೂನಿಟ್ಟುಗಳಿಗೆ ಕೆಳಗಿನ ದರವೇ. 250 ದಾಟಿತೋ, ಮೆಟ್ಟಿಲು ಇಲ್ಲ. ಮೊದಲ ಯೂನಿಟ್ಟಿನಿಂದಲೇ ಎಲ್ಲದಕ್ಕೂ ಒಂದೇ ದರ. 300ರ ಒಳಗಿದ್ದರೆ ಅದು 6.75. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಆ ಗಡಿ ನಮಗೆ 500 ಯೂನಿಟ್ ಆಗುತ್ತದೆ.

ಈಗ ಅಕ್ಕನ ಬಿಲ್ಲಿಗೆ ಬರೋಣ. ಸರಿಯಾಗಿ 500 ಯೂನಿಟ್ ಆಗಿದ್ದರೆ ಕರೆಂಟಿನ ದುಡ್ಡು 2,865 ರೂಪಾಯಿ. 514 ಆದ್ದರಿಂದ ಅದು 3,469 ರೂಪಾಯಿ 50 ಪೈಸೆ. ಫಿಕ್ಸೆಡ್ ಚಾರ್ಜು, ಡ್ಯೂಟಿ ಎಂಬ ತೆರಿಗೆ ಎಲ್ಲ ಬೇರೆ. ಹದಿನಾಲ್ಕು ಯೂನಿಟ್ಟಿಗೆ 600 ರೂಪಾಯಿ ಚಿಲ್ಲರೆ. ಒಂದು ಯೂನಿಟ್ಟಿಗೆ ಹತ್ತಿರ ಹತ್ತಿರ 43 ರೂಪಾಯಿ ಬಿದ್ದ ಹಾಗೆ!

ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ಶುದ್ಧ ಇಂಧನ, ಸೌರಶಕ್ತಿ, ಹಸಿರು ನೀತಿ ಅಂತ ನಾವು ಪೇಪರಿನಲ್ಲಿ ಓದುವ ಮಾತೆಲ್ಲ ಕೊನೆಗೆ ಬಂದು ಕೂರುವುದು ಈ ಒದ್ದೆ ಕಾಗದದಲ್ಲಿ. ನೀತಿ ದೆಹಲಿಯಲ್ಲಿ ಆಗುತ್ತದೆ, ನಿಯಮ ತಿರುವನಂತಪುರದಲ್ಲಿ ಆಗುತ್ತದೆ, ಲೆಕ್ಕ ಮಾತ್ರ ನಮ್ಮ ಜಗಲಿಯ ಮೀಟರಿನಲ್ಲಿ. ಆ ಲೆಕ್ಕ ಯಾರಿಗೆ ಗೊತ್ತಿದೆಯೋ ಅವರಿಗೆ ಈ ನೀತಿಯಿಂದ ಲಾಭ. ಗೊತ್ತಿಲ್ಲದವರು ಬೇರೆಯವರ ಪಾಲನ್ನೂ ಕಟ್ಟುತ್ತಿರುತ್ತಾರೆ. ನನಗೆ ಇವತ್ತು ಹೇಳಲಿಕ್ಕಿರುವುದು ಇದೊಂದೇ.

ಪೈವಳಿಕೆಯ ಕಡೆ ಹೋದವರು ನೋಡಿರುತ್ತೀರಿ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಪದವಿನಲ್ಲಿ, ಅಂದರೆ ಮುರಕಲ್ಲಿನ ಬೋಳು ಗುಡ್ಡದ ಸಮತಟ್ಟಿನಲ್ಲಿ, ಸುಮಾರು 250 ಎಕರೆಯಲ್ಲಿ ಸೋಲಾರ್ ಪ್ಯಾನೆಲ್ ಹರಡಿದ್ದಾರೆ. 50 ಮೆಗಾವ್ಯಾಟ್. 2021ರ ಫೆಬ್ರವರಿ 19ರಂದು ಪ್ರಧಾನಿ ಅದನ್ನು ಉದ್ಘಾಟನೆ ಮಾಡಿದರು. ಅದಕ್ಕೂ ಮೊದಲೇ ಕಾಞಂಗಾಡಿನ ಆಚೆ ಅಂಬಲತ್ತರದಲ್ಲಿ ಇನ್ನೊಂದು ಆಗಿತ್ತು. ನಾವು ಚಿಕ್ಕವರಿರುವಾಗ ಪದವು ಅಂದರೆ ದನ ಮೇಯುವ ಜಾಗ, ಮುರಕಲ್ಲು ಕಡಿಯುವ ಜಾಗ, ಮಳೆಗಾಲದಲ್ಲಿ ಕಲ್ಲಿನ ಮೇಲೆ ನೀರು ನಿಂತು ಪುಟ್ಟ ಪುಟ್ಟ ಹೂವು ಬಿಡುವ ಜಾಗ. ಆ ನೀರೇ ಇಳಿದಿಳಿದು ನಮ್ಮ ಸುರಂಗಗಳಿಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲಗಳಿಗೆ, ಬರುವುದು. ಹಾಗಾಗಿ ಪದವನ್ನು ಬರಡು ಭೂಮಿ ಎಂದು ಬರೆದುಬಿಟ್ಟಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಪ್ಯಾನೆಲ್ ಬೇಡ ಅನ್ನುವವನಲ್ಲ ನಾನು. ಆದರೆ ಒಂದು ಪದವನ್ನು ಕೊಡುವಾಗ ಅದರ ಕೆಳಗಿನ ತೋಟದವರನ್ನು ಕೂಡಿಸಿ ಮಾತಾಡಬೇಕು.

ಅಲ್ಲಿನ ಒಬ್ಬ ಹುಡುಗ ಒಮ್ಮೆ ಕೇಳಿದ್ದ. "ನಮ್ಮ ಊರಲ್ಲೇ ಕರೆಂಟು ಮಾಡ್ತಾರೆ ಸರ್, ನಮ್ಮ ಮನೆಯ ಬಿಲ್ಲು ಯಾಕೆ ಕಮ್ಮಿಯಾಗಲಿಲ್ಲ?" ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಇಷ್ಟೇ: ಅಲ್ಲಿ ಹುಟ್ಟಿದ ಕರೆಂಟು ಸೀದಾ ಗ್ರಿಡ್ಡಿಗೆ ಹೋಗುತ್ತದೆ. ಗ್ರಿಡ್ಡಿಗೆ ಸೇರಿದ ಮೇಲೆ ಅದು ಪೈವಳಿಕೆಯದ್ದೂ ಅಲ್ಲ, ಇಡುಕ್ಕಿಯ ಅಣೆಕಟ್ಟಿನದ್ದೂ ಅಲ್ಲ. ಕೇರಳಕ್ಕೆ ಬೇಕಾದ ಕರೆಂಟಿನಲ್ಲಿ ಹೆಚ್ಚಿನ ಪಾಲು ಹೊರ ರಾಜ್ಯಗಳಿಂದ ಕೊಂಡದ್ದು. ಎಲ್ಲವನ್ನೂ ಒಟ್ಟು ಸೇರಿಸಿ ಸರಾಸರಿ ಖರ್ಚು ನೋಡಿ ಇಡೀ ರಾಜ್ಯಕ್ಕೆ ಒಂದೇ ದರ ಹಾಕುತ್ತಾರೆ. ಪ್ಯಾನೆಲ್ಲಿನ ಪಕ್ಕದ ಮನೆಗೂ ಅದೇ, ಕೊಚ್ಚಿಯ ಫ್ಲಾಟಿಗೂ ಅದೇ. ಪದವು ಕೊಟ್ಟ ಊರಿಗೆ ಒಂದು ರೂಪಾಯಿಯಷ್ಟಾದರೂ ಬೇರೆ ಲೆಕ್ಕ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಸದ್ಯಕ್ಕೆ ಹಾಗಿಲ್ಲ.

ಇನ್ನೊಂದು ವಿಷಯ ಇದರ ಜೊತೆಗೇ ಬರುತ್ತದೆ. ಕರೆಂಟು ಹಂಚುವ ಬೋರ್ಡುಗಳು ತಾವು ಕೊಡುವ ಕರೆಂಟಿನಲ್ಲಿ ಇಂತಿಷ್ಟು ಪಾಲು ಸೂರ್ಯ, ಗಾಳಿ, ನೀರು ಇಂಥ ಮೂಲಗಳಿಂದಲೇ ತರಬೇಕು ಅಂತ ಕೇಂದ್ರದ ಕಟ್ಟಳೆ ಇದೆ. 2029-30ರ ಹೊತ್ತಿಗೆ ಅದು ಶೇಕಡಾ 43.33 ಆಗಬೇಕು. ಕೊಂಡ ಕರೆಂಟಿನ ಖರ್ಚು, ಅಗ್ಗವಾದರೂ ದುಬಾರಿಯಾದರೂ, ನಮ್ಮ ದರದ ಒಳಗೇ ಸೇರುತ್ತದೆ. ಸೂರ್ಯನ ಕರೆಂಟು ಹಗಲು ಅಗ್ಗ. ಹಗಲು ನಮಗೆ ಅಷ್ಟು ಬೇಕಾಗುವುದಿಲ್ಲ. ಸಂಜೆ ಆರರ ನಂತರ ಬೇಕು. ಆಗ ಸೂರ್ಯ ಇರುವುದಿಲ್ಲ.

ಕೇರಳದ ಇವತ್ತಿನ ಇಡೀ ತಲೆನೋವು ಈ ನಾಲ್ಕು ವಾಕ್ಯದಲ್ಲಿದೆ. 2024ರ ಮೇ ತಿಂಗಳ ಸೆಕೆ ನೆನಪಿದೆಯಾ? ಆಗ ರಾಜ್ಯದ ಬೇಡಿಕೆ 5,700 ಮೆಗಾವ್ಯಾಟ್ ದಾಟಿತ್ತು. ಎಲ್ಲರೂ ಮನೆಗೆ ಬಂದು ಫ್ಯಾನು, ಏಸಿ ಹಾಕಿದ ಹೊತ್ತು. ಆ ಹೊತ್ತಿನ ಕರೆಂಟನ್ನು ಬೋರ್ಡು ಮಾರ್ಕೆಟಿನಲ್ಲಿ ಕೊಳ್ಳಬೇಕು, ಎಲ್ಲ ರಾಜ್ಯದವರೂ ಅದೇ ಹೊತ್ತಿಗೆ ಕೊಳ್ಳಲು ನಿಂತಿರುತ್ತಾರೆ, ಬೆಲೆ ಏರದೆ ಇರುತ್ತದಾ? ವಿಷುವಿನ ಮುನ್ನಾದಿನ ಕುಂಬಳೆ ಪೇಟೆಯಲ್ಲಿ ತರಕಾರಿಗೆ ಆಗುವುದೇ ಇಲ್ಲೂ ಆಗುತ್ತದೆ.

ಹಾಗಾಗಿ ಕರೆಂಟಿಗೆ ಈಗ ಗಡಿಯಾರ ಬಂದಿದೆ. ತಿಂಗಳಿಗೆ 250 ಯೂನಿಟ್ಟಿಗಿಂತ ಜಾಸ್ತಿ ಬಳಸುವ ಮನೆಗಳಿಗೆ ಹೊತ್ತು ನೋಡಿ ದರ ಹಾಕುತ್ತಾರೆ. ಬೆಳಿಗ್ಗೆ 6ರಿಂದ ಸಂಜೆ 6ರ ತನಕ ಶೇಕಡಾ 10 ಕಮ್ಮಿ. ಸಂಜೆ 6ರಿಂದ ರಾತ್ರಿ 10ರ ತನಕ ಶೇಕಡಾ 25 ಜಾಸ್ತಿ. ರಾತ್ರಿ 10ರ ನಂತರ ಬೆಳಗಿನ ತನಕ ಮಾಮೂಲು ದರ. ನಾನು ಅಕ್ಕನ ಬಿಲ್ಲಿಗೆ ಮಾಡಿದ ಲೆಕ್ಕ ಈ ಹೊತ್ತಿನ ದರ ಬದಿಗಿಟ್ಟು ಮಾಡಿದ್ದು. ಅವರು ಹೀಗೇ 500 ದಾಟುತ್ತಾ ಹೋದರೆ ಇದೂ ಸೇರಿಕೊಳ್ಳುತ್ತದೆ.

ಹಗಲು ಮನೆಯಲ್ಲಿ ಯಾರಾದರೂ ಇರುವವರಿಗೆ ಇದು ಅನುಕೂಲ. ಬಾವಿಯ ಪಂಪು ಬೆಳಿಗ್ಗೆ ಹಾಕಿ ಟ್ಯಾಂಕಿ ತುಂಬಿಸಬಹುದು. ದೋಸೆಗೆ ಅರೆಯುವ ಗ್ರೈಂಡರು ಸಂಜೆ ಏಳಕ್ಕೆ ಹಾಕುವ ಬದಲು ನಾಲ್ಕೂವರೆಗೆ ಹಾಕಬಹುದು. ಇಸ್ತ್ರಿ, ವಾಷಿಂಗ್ ಮಷೀನು ಹಗಲು. ಈಗ ಕರೆಂಟಿನ ಸ್ಕೂಟರು ಬೇರೆ ಬಂದಿದೆ ಅಲ್ವಾ, ಮಕ್ಕಳು ಏಳು ಗಂಟೆಗೆ ಮನೆಗೆ ಬಂದು ಚಾವಿ ತೆಗೆಯುವ ಮೊದಲೇ ಚಾರ್ಜಿಗೆ ಸಿಕ್ಕಿಸುತ್ತಾರೆ. ಊಟ ಮುಗಿಸಿ ಹತ್ತು ಗಂಟೆಯ ನಂತರ ಸಿಕ್ಕಿಸಿ ಎಂದು ಹೇಳಿ. ಅಷ್ಟು ಸಾಕು. ಆದರೆ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಇಳಿಯುವ ಗಂಡ ಹೆಂಡತಿ ಏನು ಮಾಡಬೇಕು? ಅವರ ಅಡುಗೆ, ಬಟ್ಟೆ, ಮಕ್ಕಳ ಓದು ಎಲ್ಲ ಆ ನಾಲ್ಕು ಗಂಟೆಯಲ್ಲೇ. ಹೊತ್ತಿನ ದರ ಅಂಥ ಮನೆಗೆ ದಂಡದ ಹಾಗೆ ಬೀಳುತ್ತದೆ. ಅವರು ಹೊತ್ತು ಬದಲಾಯಿಸಲು ಆಗುವುದಿಲ್ಲ. ನೀತಿ ಮಾಡುವವರು ಈ ಮನೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕಿತ್ತು.

ನಮ್ಮ ಜಿಲ್ಲೆಗೆ ಇನ್ನೊಂದು ಸುದ್ದಿಯೂ ಇದೆ. ಮೈಲಾಟಿಯ ಸಬ್‌ಸ್ಟೇಷನ್ನಿನಲ್ಲಿ ದೊಡ್ಡ ಬ್ಯಾಟರಿ ಕೂರಿಸುವ ಯೋಜನೆ. 125 ಮೆಗಾವ್ಯಾಟ್, ನಾಲ್ಕು ಗಂಟೆ ಹೊತ್ತು ಕೊಡುವ ಹಾಗೆ, ಅಂದರೆ ತುಂಬಿದಾಗ ಐದು ಲಕ್ಷ ಯೂನಿಟ್. ಹಗಲು ಅಗ್ಗದ ಸೂರ್ಯನ ಕರೆಂಟು ತುಂಬಿಸಿ ಸಂಜೆಗೆ ಬಿಡುವುದು. ಮಳೆಗಾಲಕ್ಕೆ ಅಟ್ಟದಲ್ಲಿ ಕಟ್ಟಿಗೆ ಪೇರಿಸಿಟ್ಟ ಹಾಗೆ. ಇಂಥದ್ದು ಬೇಗ ಬೇಗ ಆಗಬೇಕು. ಸಂಜೆಯ ಕರೆಂಟು ಅಗ್ಗವಾಗದೆ ಆ ಬಸ್ಸಿನಲ್ಲಿ ಬರುವ ಗಂಡ ಹೆಂಡತಿಗೆ ಬೇರೆ ದಾರಿ ಇಲ್ಲ.

ಈಗ ಎಲ್ಲರೂ ಕಾಯುತ್ತಿರುವ ವಿಷಯ, ಮನೆಯ ಮೇಲಿನ ಸೋಲಾರ್. ನಮ್ಮ ಕಡೆ ಅಡಿಕೆ ಒಣಗಿಸಲು ಅಂಗಳಕ್ಕೆ ಹೊದೆಸುವ ಪ್ಲಾಸ್ಟಿಕ್ಕಿನ ಗೂಡಿಗೂ ಸೋಲಾರ್ ಅಂತಲೇ ಹೇಳುತ್ತೇವೆ. ನಾನು ಹೇಳುವುದು ಕರೆಂಟಿನ ಸೋಲಾರ್.

2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಒಂದು ಕೋಟಿ ಮನೆ, 75,021 ಕೋಟಿ ರೂಪಾಯಿ. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಜಾಸ್ತಿಯಾದರೆ 78,000 ರೂಪಾಯಿ ಸಬ್ಸಿಡಿ. ಬ್ಯಾಂಕಿನಿಂದ ಕಮ್ಮಿ ಬಡ್ಡಿಗೆ ಸಾಲವೂ ಸಿಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಪ್ಯಾನೆಲ್ಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಇದೆಲ್ಲ ಒಳ್ಳೆಯದೇ. ಒಂದು ಕಿಲೋವ್ಯಾಟ್ ಬಿಸಿಲಿನ ದಿನ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಮೂರು ಹಾಕಿದರೆ ಹನ್ನೆರಡು ಅಂತ ಇಟ್ಟುಕೊಳ್ಳಿ.

ಆದರೆ ಹಾಕಬೇಕೋ ಬೇಡವೋ ಅನ್ನುವುದನ್ನು ಜಾಹೀರಾತು ನೋಡಿ ತೀರ್ಮಾನ ಮಾಡಬೇಡಿ. ಬಿಲ್ಲು ನೋಡಿ ಮಾಡಿ. ತಿಂಗಳಿಗೆ 300 ಯೂನಿಟ್ ಬಳಸುವ ಮನೆ ಇದೆ ಅನ್ನಿ. ಬರೀ ಕರೆಂಟಿಗೆ 2,025 ರೂಪಾಯಿ, ವರ್ಷಕ್ಕೆ 24,300. ಮೂರು ಕಿಲೋವ್ಯಾಟಿಗೆ ಸುಮಾರು ಎರಡು ಲಕ್ಷ ಖರ್ಚಾಯಿತು ಅಂತ ಹಿಡಿದರೆ ಸಬ್ಸಿಡಿ ಹೋಗಿ ಉಳಿಯುವುದು 1,22,000. ಐದು ವರ್ಷದಲ್ಲಿ ಹಾಕಿದ ದುಡ್ಡು ಬಂತು. ಆಮೇಲೆ ಎಲ್ಲ ಲಾಭವೇ.

ಈಗ ತಿಂಗಳಿಗೆ 100 ಯೂನಿಟ್ ಬಳಸುವ ಮನೆ ನೋಡಿ. ಹಂಚಿನ ಮನೆ, ಎರಡು ಫ್ಯಾನು, ನಾಲ್ಕು ದೀಪ, ಒಂದು ಫ್ರಿಜ್ಜು, ಒಂದು ಟಿ.ವಿ. ಅವರ ಕರೆಂಟಿನ ದುಡ್ಡು ತಿಂಗಳಿಗೆ 380 ರೂಪಾಯಿ, ವರ್ಷಕ್ಕೆ 4,560. ಒಂದು ಕಿಲೋವ್ಯಾಟ್ ಹಾಕಿಸಿ, ಸಬ್ಸಿಡಿ ಕಳೆದು ಕೈಯಿಂದ 40,000 ಹೋಯಿತು ಅಂದರೂ ಅದು ಹಿಂದೆ ಬರಲು ಒಂಬತ್ತು ವರ್ಷ ಹತ್ತಿರ ಬೇಕು. ಅಷ್ಟು ಹೊತ್ತಿಗೆ ಹಂಚು ಬದಲಾಯಿಸುವ ಕೆಲಸವೇ ಎರಡು ಸಲ ಬಂದಿರುತ್ತದೆ. ಬೀಡಿ ಕಟ್ಟಿ, ಅಡಿಕೆ ಸುಲಿದು ದುಡಿಯುವ ಮನೆಯವರಿಗೆ ಆ 40,000 ಒಟ್ಟಿಗೆ ಎಲ್ಲಿಂದ ಬರಬೇಕು?

ಗಮನಿಸಿದಿರಾ? ಸರಕಾರದ ದುಡ್ಡು ಅಂದರೆ ನಮ್ಮೆಲ್ಲರ ದುಡ್ಡು. ಅದರಲ್ಲಿ 78,000 ಹೋದದ್ದು ದೊಡ್ಡ ತಾರಸಿ ಇರುವ, ಹೆಚ್ಚು ಕರೆಂಟು ಬಳಸುವ ಮನೆಗೆ. ಕಮ್ಮಿ ಬಳಸುವ, ತಾರಸಿ ಇಲ್ಲದ, ಬಾಡಿಗೆಯ, ಪಾಲಾಗದ ಆಸ್ತಿಯ ಮನೆಗಳಿಗೆ ಏನೂ ಹೋಗಲಿಲ್ಲ. ನನ್ನ ಮನೆಗೂ ಆ ಸಬ್ಸಿಡಿ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಂದವನೇ ಹೇಳಬೇಕು ಈ ಮಾತನ್ನು. ವಾರ್ಡಿನ ಶಾಲೆಯ ಮೇಲೆ, ಪಂಚಾಯತಿನ ಕಟ್ಟಡದ ಮೇಲೆ ಪ್ಯಾನೆಲ್ ಹಾಕಿ ಅದರ ಯೂನಿಟ್ಟುಗಳನ್ನು ಇಂಥ ಮನೆಗಳ ಬಿಲ್ಲಿನಲ್ಲಿ ಕಳೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬರಬೇಕು. ಗ್ರಾಮಸಭೆಯಲ್ಲಿ ಕೇಳಿ. ನಾನೂ ಕೇಳುತ್ತೇನೆ.

ಹಾಕಿಸುವವರಿಗೆ ನಮ್ಮ ಮನೆಯಲ್ಲಿ ಆದ ಎರಡು ವಿಷಯ ಹೇಳುತ್ತೇನೆ. ಒಂದು, ನೆರಳು. ಹಾಕಿದವರು ಒಂದು ಮಧ್ಯಾಹ್ನ ಬಂದು, ತಾರಸಿಯ ಶೀಟಿನ ಮೇಲೆ ಅಳತೆ ಹಿಡಿದು, ಮೂಡು ಬದಿಗೆ ಎರಡು ಪ್ಯಾನೆಲ್ ಕೂರಿಸಿದರು. ಮಧ್ಯಾಹ್ನ ಅಲ್ಲಿ ಒಳ್ಳೆ ಬಿಸಿಲು. ಬೆಳಿಗ್ಗೆ ಮಾತ್ರ ನಮ್ಮ ತೆಂಗಿನ ಮರದ ಮಡಲಿನ ನೆರಳು ಹತ್ತು ಗಂಟೆಯ ತನಕ ಆ ಎರಡರ ಮೇಲೇ ಆಡುತ್ತದೆ. ಪ್ಯಾನೆಲ್ಲುಗಳನ್ನು ಸರದ ಹಾಗೆ ಒಂದಕ್ಕೊಂದು ಜೋಡಿಸಿರುತ್ತಾರೆ, ಹಾಗಾಗಿ ಎರಡಕ್ಕೆ ನೆರಳು ಬಿದ್ದರೆ ಉಳಿದದ್ದೂ ಸೊರಗುತ್ತದೆ. ಇದು ನನಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ, ಮೊಬೈಲಿನಲ್ಲಿ ದಿನದ ಗೆರೆ ನೋಡುವಾಗ. ಬೆಳಿಗ್ಗೆ ಏರಬೇಕಾದ ಗೆರೆ ಹತ್ತರ ತನಕ ಮಲಗಿಯೇ ಇರುತ್ತಿತ್ತು. ಆಮೇಲೆ ಪ್ಯಾನೆಲ್ ಜಾಗ ಬದಲಾಯಿಸಲು ಮತ್ತೆ ದುಡ್ಡು ಕೊಡಬೇಕಾಯಿತು. ಹಾಗಾಗಿ ಯಾರೇ ಬಂದರೂ ಮೊದಲು ಹೇಳಿ: ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಬಂದು ನೆರಳು ನೋಡಿ ಅಂತ. ಡಿಸೆಂಬರಿನಲ್ಲಿ ಸೂರ್ಯ ತೆಂಕು ಬದಿಗೆ ವಾಲುತ್ತಾನೆ, ಆಗಿನ ನೆರಳು ಉದ್ದ. ಅದನ್ನೂ ಲೆಕ್ಕಕ್ಕೆ ಹಿಡಿಯಲಿ. ನಮ್ಮದು ತೆಂಗು, ಹಲಸು, ಅಡಿಕೆಯ ಊರು. ಬಯಲು ಸೀಮೆಯ ತಾರಸಿಯ ಲೆಕ್ಕ ಇಲ್ಲಿಗೆ ಆಗುವುದಿಲ್ಲ.

ಎರಡನೆಯದು ಆಷಾಢದ ಒಂದು ದಿನದ ಕತೆ. ಹಿಂದಿನ ರಾತ್ರಿ ಗಾಳಿಗೆ ದೊಡ್ಡ ಗೆಲ್ಲೊಂದು ಮುರಿದು ಲೈನಿನ ಮೇಲೆ ಬಿದ್ದು ಕರೆಂಟು ಹೋಗಿತ್ತು. ಮರುದಿನ ಹತ್ತು ಗಂಟೆಗೆ ಮಳೆ ಬಿಟ್ಟು ಫಳಫಳ ಬಿಸಿಲು. ಪ್ಯಾನೆಲ್ಲು ತೊಳೆದಿಟ್ಟ ಹಾಗೆ ಹೊಳೆಯುತ್ತಿದೆ. ಮನೆಯೊಳಗೆ ಫ್ಯಾನಿಲ್ಲ, ಟ್ಯಾಂಕಿಯಲ್ಲಿ ನೀರಿಲ್ಲ. ಅಮ್ಮ ಅಂಗಳಕ್ಕೆ ಬಂದು ಮೇಲೆ ನೋಡಿದರು. "ಬಿಸಿಲು ಇದೆಯಲ್ಲ ಮಗಾ, ಮತ್ತೆ ಕರೆಂಟು ಯಾಕಿಲ್ಲ?"

ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹೆಚ್ಚಿನವರು ಹಾಕುವುದು ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಸೇರಿಸಿದ ಸೋಲಾರ್. ಲೈನಿನಲ್ಲಿ ಕರೆಂಟು ಹೋದ ಕೂಡಲೇ ಅದರ ಇನ್ವರ್ಟರು ತಾನೇ ನಿಂತುಬಿಡುತ್ತದೆ. ನಿಲ್ಲಲೇ ಬೇಕು. ಕಂಬದ ಮೇಲೆ ಲೈನ್‌ಮ್ಯಾನ್ ಹತ್ತಿ ತಂತಿ ಹಿಡಿದಿರುತ್ತಾನೆ. ನಮ್ಮ ಮನೆಯಿಂದ ಆ ತಂತಿಗೆ ಕರೆಂಟು ಹರಿದರೆ ಅವನ ಜೀವಕ್ಕೇ ಅಪಾಯ. ಕರೆಂಟು ಹೋದಾಗಲೂ ಬೇಕು ಅಂದರೆ ಬ್ಯಾಟರಿ ಸೇರಿಸುವ ಹೈಬ್ರಿಡ್ ಇನ್ವರ್ಟರು ಹಾಕಬೇಕು, ಅದಕ್ಕೆ ಖರ್ಚು ಜಾಸ್ತಿ. ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದ ನಮ್ಮ ಒಳ ಊರುಗಳಲ್ಲಿ ಇದು ಮೊದಲೇ ಕೇಳಬೇಕಾದ ಪ್ರಶ್ನೆ.

ಮಳೆಗಾಲದ ವಿಷಯ ಬಂತಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಏಪ್ರಿಲಿನಲ್ಲಿ ಹದಿಮೂರು ಯೂನಿಟ್ ಕೊಟ್ಟ ನಮ್ಮ ಪ್ಯಾನೆಲ್ಲು ಜುಲೈಯ ಕಪ್ಪು ಮೋಡದ ದಿನ ಮೂರು ಕೊಟ್ಟದ್ದೂ ಇದೆ. ಆದರೂ ನಷ್ಟ ಆಗದೆ ಇದ್ದದ್ದು ನೆಟ್ ಮೀಟರಿನಿಂದ. ಬೇಸಿಗೆಯಲ್ಲಿ ಹೊರಗೆ ಕೊಟ್ಟ ಯೂನಿಟ್ ನಮ್ಮ ಹೆಸರಿನಲ್ಲಿ ಜಮೆ ಇರುತ್ತದೆ, ಮಳೆಗಾಲದಲ್ಲಿ ಹಿಂದೆ ತೆಗೆಯಬಹುದು. ಮೀಟರಿನ ಪರದೆಯಲ್ಲಿ ಒಂದು ಅಂಕಿ ಒಳಗೆ ಬಂದದ್ದು, ಇನ್ನೊಂದು ಹೊರಗೆ ಹೋದದ್ದು. ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಈ ಜಮೆಯ ಪದ್ಧತಿಯ ಮೇಲೆಯೇ 2025ರಲ್ಲಿ ದೊಡ್ಡ ಗಲಾಟೆ ಆಯಿತು. ಕೇರಳದ ವಿದ್ಯುತ್ ನಿಯಂತ್ರಣ ಆಯೋಗ ಕರಡು ನಿಯಮ ಹೊರಡಿಸಿ, ನೆಟ್ ಮೀಟರ್ ಸೌಲಭ್ಯವನ್ನು 3 ಕಿಲೋವ್ಯಾಟಿಗೆ ಮಿತಿ ಮಾಡುವ ಪ್ರಸ್ತಾಪ ಇಟ್ಟಿತು. ಸೋಲಾರ್ ಹಾಕಿದವರೆಲ್ಲ ಎದ್ದು ನಿಂತರು. ಕೊನೆಗೆ ಬಂದ ನಿಯಮದಲ್ಲಿ ಆ ಮಿತಿ ಸಡಿಲವಾಯಿತು. ನಾನು ಎರಡೂ ಕಡೆಯ ಮಾತು ಓದಿದೆ. ಬೋರ್ಡಿನ ಮಾತಿನಲ್ಲಿ ಅರ್ಥ ಇಲ್ಲದಿಲ್ಲ. ನಾನು ಮಧ್ಯಾಹ್ನ ಅಗ್ಗದ ಹೊತ್ತಿನಲ್ಲಿ ಒಂದು ಯೂನಿಟ್ ಕೊಟ್ಟು ರಾತ್ರಿ ದುಬಾರಿ ಹೊತ್ತಿನಲ್ಲಿ ಒಂದು ಯೂನಿಟ್ ತೆಗೆದರೆ ನಡುವಿನ ವ್ಯತ್ಯಾಸ ಯಾರೋ ಒಬ್ಬರು ಕೊಡಲೇಬೇಕು. ಕೊಡುವುದು ಸೋಲಾರ್ ಇಲ್ಲದ ಮನೆ. ಆ 100 ಯೂನಿಟ್ಟಿನ ಹಂಚಿನ ಮನೆ. ಆದರೆ ಸರಕಾರವೇ ಕರೆದು, ಸಾಲ ಕೊಟ್ಟು, ಪ್ಯಾನೆಲ್ ಹಾಕಿಸಿದ ಮೇಲೆ ನಡುವಿನಲ್ಲಿ ಲೆಕ್ಕ ಬದಲಾಯಿಸಿದರೆ ಸಾಲ ತೆಗೆದವನ ಗತಿ ಏನು? ಸಾಲ ಮುಗಿಯುವ ತನಕವಾದರೂ ಹಳೆಯ ಮಾತು ಹಳೆಯದೇ ಆಗಿರಬೇಕು. ಹೊಸದಾಗಿ ದೊಡ್ಡದು ಹಾಕುವವರಿಗೆ ಬ್ಯಾಟರಿ ಸೇರಿಸಿ ಹಾಕಿ ಅನ್ನಲಿ, ಅದಕ್ಕೆ ಸಬ್ಸಿಡಿ ಕೊಡಲಿ. ಅದು ನ್ಯಾಯ.

ಇಲ್ಲಿ ಒಬ್ಬರು ಅಣ್ಣ ಎದ್ದು ನಿಂತು ಕೇಳಿದರು: "ಹಾಗಾದರೆ ನಮ್ಮಂಥ ಹಂಚಿನ ಮನೆಯವರಿಗೆ ಈ ನೀತಿಯಲ್ಲಿ ಏನೂ ಇಲ್ಲವಾ ಮಾಷ್ಟ್ರೇ?"

ಇದೆ. ಸದ್ದಿಲ್ಲದೆ ಬಂದದ್ದು ಇದೆ. ಹಳೆಯ 60 ವ್ಯಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ ಒಂದೂಕಾಲು, ಒಂದೂವರೆ ಯೂನಿಟ್. 2015ರಲ್ಲಿ ಉಜಾಲಾ ಯೋಜನೆಯಲ್ಲಿ ಸರಕಾರ ಒಟ್ಟಿಗೆ ಲಕ್ಷಗಟ್ಟಲೆ ಬಲ್ಬು ಕೊಂಡದ್ದರಿಂದ ನೂರಾರು ರೂಪಾಯಿಯ ಬಲ್ಬು ಎಲ್ಲರ ಕೈಗೆ ಸಿಗುವ ಬೆಲೆಗೆ ಇಳಿಯಿತು. 2021ರಲ್ಲಿ ಕೇರಳದ ಬೋರ್ಡು ಫಿಲಮೆಂಟ್ ಮುಕ್ತ ಕೇರಳ ಅಂತ ಹೇಳಿ 9 ವ್ಯಾಟಿನ ಬಲ್ಬು ಸುಮಾರು 65 ರೂಪಾಯಿಗೆ ಕೊಟ್ಟಿತು. ಈ ಒಂದು ನೀತಿ ತಾರಸಿ ಇದೆಯಾ ಅಂತ ಕೇಳಲಿಲ್ಲ, ಜಾಗದ ಆಧಾರ ಪತ್ರ ಕೇಳಲಿಲ್ಲ. ನನಗೆ ಇಷ್ಟವಾದ ನೀತಿ ಇದೇ.

ಫ್ಯಾನಿನ ವಿಷಯವೂ ಹಾಗೆಯೇ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ನಕ್ಷತ್ರದ ಚೀಟಿ, ಅಂದರೆ ಎಷ್ಟು ಕರೆಂಟು ಉಳಿಸುತ್ತದೆ ಎಂದು ತೋರಿಸುವ ಸ್ಟಾರ್ ಲೇಬಲ್, ಕಡ್ಡಾಯ. ಹಳೆಯ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಕಮ್ಮಿ ಕರೆಂಟಿನ ಮೋಟರಿರುವ ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30. ನಮ್ಮ ಸೆಕೆಗೆ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗುತ್ತದೆ. ಒಂದು ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್ ಉಳಿಯಿತು. ಅಕ್ಕನ ಬಿಲ್ಲು ದಾಟಿದ್ದು ಎರಡು ತಿಂಗಳಲ್ಲಿ 14 ಯೂನಿಟ್. ಒಂದೇ ಒಂದು ಫ್ಯಾನು ಬದಲಾಯಿಸಿದ್ದರೆ ಅವರು ಗಡಿಯ ಈಚೆ ಇರುತ್ತಿದ್ದರು.

ಇಷ್ಟು ಸಣ್ಣ ವಿಷಯ ನಮಗೆ ಯಾಕೆ ಯಾರೂ ಹೇಳುವುದಿಲ್ಲ? ಹೇಳುತ್ತಾರೆ, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಇಲ್ಲಿ ಕುಳಿತವರಲ್ಲಿ ಅರ್ಧ ಜನ ಮಲಯಾಳ ಮಾತಾಡುತ್ತೀರಿ, ಓದಲು ಬರುವುದಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಹವ್ಯಕ, ಬ್ಯಾರಿ ಏನೇ ಇರಲಿ, ಓದು ಬರಹ ಕನ್ನಡ. ಮೊಬೈಲಿಗೆ ಬಂದ ಮೆಸೇಜು ಓದದೆ ಬದಿಗೆ ಹೋಗುತ್ತದೆ. ಕರಡು ನಿಯಮಕ್ಕೆ ಆಕ್ಷೇಪ ಹೇಳಲು ಕೊನೆಯ ದಿನ ಯಾವುದು ಅಂತ ಗೊತ್ತಾಗುವಾಗ ಆ ದಿನ ಕಳೆದಿರುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮ್ಮಂಥ ಕನ್ನಡದ ಪ್ರದೇಶದವರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಅಂತ ಇದೆ. ಭಾಷೆಯ ಹಕ್ಕು ಅಂದರೆ ಶಾಲೆ, ನಾಮಫಲಕ, ನಾಟಕ ಅಂತ ಮಾತ್ರ ನಾವು ತಿಳಿದುಕೊಂಡಿದ್ದೇವೆ. ಕರೆಂಟಿನ ದರದ ಪಟ್ಟಿ ಕನ್ನಡದಲ್ಲಿ ಸಿಗುವುದೂ ಅದೇ ಹಕ್ಕು. ಈ ವಾಚನಾಲಯದಿಂದಲೇ ಒಂದು ಅರ್ಜಿ ಕನ್ನಡದಲ್ಲಿ ಬರೆಯೋಣ, ಕಾಗದ ನಾನು ತಂದಿದ್ದೇನೆ. ದರದ ಪಟ್ಟಿ, ಸೋಲಾರ್ ನಿಯಮ, ಹೊತ್ತಿನ ದರ, ಮೂರೂ ಕನ್ನಡದಲ್ಲಿ ಅಚ್ಚು ಮಾಡಿ ಪಂಚಾಯತಿನ ಗೋಡೆಗೆ ಹಚ್ಚಬೇಕು ಎಂದು ಕೇಳೋಣ.

(ಮಾತು ಮುಗಿದ ಮೇಲೆ ಮೂವತ್ತೊಂದು ಜನ ಅರ್ಜಿಗೆ ಸಹಿ ಹಾಕಿದರು. ಅಕ್ಷರ ಬರೆಯಲು ಕೈ ನಡುಗುವ ಇಬ್ಬರು ಹಿರಿಯರು ಹೆಬ್ಬೆಟ್ಟು ಒತ್ತಿದರು.)

ಹೊರಡುವಾಗ ಅಕ್ಕನ ಬಿಲ್ಲು ನನ್ನ ಕೈಯಲ್ಲೇ ಉಳಿದಿತ್ತು. ಮರಳಿ ಕೊಟ್ಟೆ. 514ರ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ, ಪಕ್ಕದಲ್ಲಿ 500 ಎಂದು ಬರೆದಿದ್ದೆ. "ಇನ್ನು ಪ್ರತಿ ಭಾನುವಾರ ಮೀಟರಿನ ನಂಬ್ರ ಒಂದು ಕಡೆ ಬರೆದಿಡಿ ಅಕ್ಕಾ. ವಾರಕ್ಕೆ 55 ಯೂನಿಟ್ ದಾಟದ ಹಾಗೆ ನೋಡಿಕೊಂಡರೆ ಗಡಿಯೊಳಗೆ ಇರುತ್ತೀರಿ" ಎಂದೆ.

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಗ್ಯಾಸಿನ ತಾರೀಕು ಬರೀತೇನೆ. ಅದರ ಕೆಳಗೇ ಬರೆದ್ರೆ ಆಯ್ತು" ಎಂದು ಬಿಲ್ಲನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಈ ಸಲ ಕೊಡೆಯನ್ನು ಬೇರೆಯಾಗಿ ಕೈಯಲ್ಲೇ ಹಿಡಿದುಕೊಂಡು ಬಸ್ಸಿನ ಕಡೆ ನಡೆದರು.